ಮಳೆ ಬಂದರೆ ಎಸ್‌ಟಿಪಿ ತುಂಬುತ್ತದೆ: ಯುಜಿಡಿಗೆ ಈ ನೀರು ಎಲ್ಲಿಂದ?

ಲೇಔಟ್_ಕಾರ್ಯದರ್ಶಿ:
ನಮಸ್ಕಾರ. ಬೆಂಗಳೂರಿನ ಅಂಚಲ್ಲಿ ನಮ್ಮದು ಹಳೇ ಲೇಔಟ್. 62 ಮನೆ, ಒಳಚರಂಡಿಗೆ (ಯುಜಿಡಿ) ಸ್ಟೋನ್‌ವೇರ್ ಅಂದರೆ ಸುಟ್ಟ ಮಣ್ಣಿನ ಪೈಪು, ಇಟ್ಟಿಗೆ ಮ್ಯಾನ್‌ಹೋಲು. ಬೇಸಿಗೆಯಲ್ಲಿ ನಮ್ಮ ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧ ಮಾಡುವ ಘಟಕ) ದಿನಕ್ಕೆ ಸುಮಾರು 35 ಸಾವಿರ ಲೀಟರ್ ಬರುತ್ತದೆ. ಜೋರು ಮಳೆಯ ದಿನ 80 ಸಾವಿರ ದಾಟುತ್ತದೆ. ಕಳೆದ ವಾರ ಮೂಲೆ ಮನೆಯ ಬಚ್ಚಲಲ್ಲಿ ಕೊಳಚೆ ಉಕ್ಕಿತು. ನಾವು ಹೋಗುವಷ್ಟರಲ್ಲಿ ಅಲ್ಲಿನ ಅಜ್ಜಿ ಬಚ್ಚಲ ತೂತಿಗೆ ಗೋಣಿಚೀಲ ತುರುಕಿ, ಮೇಲೆ ರುಬ್ಬುಗುಂಡು ಇಟ್ಟು ಕೂತಿದ್ದರು. ಪೂರ್ತಿ ಲೈನಿಗೆ ಒಳಗಿಂದ ಲೈನಿಂಗ್ (ಪೈಪಿನೊಳಗೆ ಹೊಸ ಪದರ) ಮಾಡಿಸಿ ಅಂತ ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಮಾಡಿಸೋದಾ?

ಪೈಪ್‌ಲೈನ್_ಹಳಬ:
ಈಗಲೇ ಬೇಡ ಸಾರ್. ಮಳೆ ನಿಂತ ಮೇಲೆ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ನೋಡಿ. ಒಂದೆರಡು ಗಂಟೆಯಲ್ಲಿ ಇಳಿದರೆ ಅದು ನೇರ ಮಳೆನೀರು, ಯಾರದೋ ತಾರಸಿಯಿಂದ ಬರುತ್ತಿದೆ. ದಿನಗಟ್ಟಲೆ ಇಳಿಯದಿದ್ದರೆ ನೆಲದ ನೀರು ಜಾಯಿಂಟಲ್ಲಿ ಒಳಗೆ ಜಿನುಗುತ್ತಿದೆ. ಲೈನಿಂಗ್ ಹಾಕಿದರೆ ತಾರಸಿ ನೀರು ನಿಲ್ಲಲ್ಲ, ಅಲ್ವಾ?

ಲೇಔಟ್_ಕಾರ್ಯದರ್ಶಿ:
ಎಸ್‌ಟಿಪಿಯ ಮೀಟರ್ ಪುಸ್ತಕ ತೆಗೆದು ನೋಡಿದೆ. ಎರಡು ಗಂಟೆಯಲ್ಲಿ ಮುಕ್ಕಾಲು ಪಾಲು ಇಳಿಯುತ್ತದೆ. ಪೂರ್ತಿ ಇಳಿಯೋಕೆ ನಾಲ್ಕೈದು ದಿನ.

ಪೈಪ್‌ಲೈನ್_ಹಳಬ:
ಹಾಗಾದರೆ ಎರಡೂ ಇದೆ, ತಾರಸಿದೇ ಜಾಸ್ತಿ. ಲೆಕ್ಕ ಹಾಕಿ: 1,200 ಚದರಡಿ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್. ಇಂಥ ಎಂಟು ಮನೆಯವರು ಮಳೆನೀರಿನ ಪೈಪನ್ನು ಯುಜಿಡಿಗೆ ಸೇರಿಸಿದ್ದರೆ 44 ಸಾವಿರ ಲೀಟರ್ ಆಯಿತು!

ಕೇಳಿದರೆ ಯಾರೂ ಒಪ್ಪಲ್ಲ, ನೀವೇ ನೋಡಬೇಕು. ಮಳೆಯಿಲ್ಲದ ದಿನ ಒಂದೊಂದೇ ತಾರಸಿ ಪೈಪಿಗೆ ಎರಡು ಬಕೆಟ್ ಬಣ್ಣದ ನೀರು ಸುರಿಯಿರಿ. ಸ್ವೀಟ್ ಅಂಗಡಿಯವರು ಹಾಕುವ ಹಸಿರು ಬಣ್ಣ ಸಾಕು. ಕೆಳಗಿನ ಮ್ಯಾನ್‌ಹೋಲಲ್ಲಿ ಹಸಿರು ಕಂಡರೆ ಆ ಮನೆ ಸಿಕ್ಕಿಬಿತ್ತು. ಇನ್ನೊಂದು, ರಸ್ತೇಲಿ ನೀರು ನಿಂತಾಗ ಯಾರೋ ಪುಣ್ಯಾತ್ಮರು ಮ್ಯಾನ್‌ಹೋಲ್ ಮುಚ್ಚಳ ಎತ್ತಿಬಿಡುತ್ತಾರೆ. ಅದನ್ನೂ ವಿಚಾರಿಸಿ.

ಮುಚ್ಚಳ ತೆಗೆದು ಮೇಲಿಂದಲೇ ನೋಡಿ, ಯಾರನ್ನೂ ಒಳಗೆ ಇಳಿಸಬೇಡಿ. ಅಲ್ಲಿನ ಗ್ಯಾಸ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ, ಆಳು ಹಾಗೇ ಬಿದ್ದುಬಿಡುತ್ತಾನೆ. ಸುರಕ್ಷತಾ ಸಾಧನ ಇಲ್ಲದೆ ಶುಚಿ ಮಾಡಲು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ ಕೂಡ.

ಕುಡ್ಲದ_ಮಳೆ:
ಮಂಗಳೂರಿನಲ್ಲಿ ನಮ್ಮ ಕಾಲೊನಿಯ ಕಥೆ ಉಲ್ಟಾ. ಜುಲೈನಲ್ಲಿ ಬಾವಿ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬರುತ್ತದೆ, ಯುಜಿಡಿ ಪೈಪು ಆ ನೀರಿನಲ್ಲೇ ಮುಳುಗಿರುತ್ತದೆ. ಬೆಳಗಿನ ಜಾವ 3 ಗಂಟೆಗೆ ಟಾರ್ಚ್ ಹಿಡಿದು ಒಂದೊಂದೇ ಮ್ಯಾನ್‌ಹೋಲ್ ನೋಡುತ್ತಾ ಹೋದೆವು. ಎಲ್ಲರೂ ಮಲಗಿರುವ ಹೊತ್ತು, ಪೈಪಲ್ಲಿ ಮಾತ್ರ ತಿಳಿನೀರು ಹರಿಯುತ್ತಿತ್ತು. ಮೂರನೆಯದರಲ್ಲಿ ಬೆರಳು ದಪ್ಪ, ನಾಲ್ಕನೆಯದರಲ್ಲಿ ಅಂಗೈ ಅಗಲ. ಅಂದರೆ ಸೋರಿಕೆ ಅವೆರಡರ ಮಧ್ಯೆ ಇತ್ತು. ಪೈಪಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ ಜಾಯಿಂಟಿನಲ್ಲಿ ಗೋಳಿಮರದ ಬೇರು ಜಡೆಯ ಹಾಗೆ ಇಳಿದಿತ್ತು. ಬೇರು ಕತ್ತರಿಸಿ ಅಷ್ಟು ಉದ್ದಕ್ಕೆ ಮಾತ್ರ ಲೈನಿಂಗ್ ಹಾಕಿಸಿದೆವು. ಪೈಪು ಮ್ಯಾನ್‌ಹೋಲ್ ಗೋಡೆಗೆ ಸೇರುವ ಜಾಗವನ್ನೂ ನೋಡಿ. ಅಲ್ಲಿ ಗಾರೆ ಉದುರಿದ್ದರೆ ಗ್ರೌಟಿಂಗ್ (ಸಂದು ತುಂಬಿ ಮುಚ್ಚೋದು) ಸಾಕು, ಖರ್ಚು ಕಮ್ಮಿ.

ಲೇಔಟ್_ಕಾರ್ಯದರ್ಶಿ:
ಹಸಿರು ಬಣ್ಣ ಕೆಲಸ ಮಾಡಿತು. ಏಳು ಮನೆ ಸಿಕ್ಕವು. ಒಂದು ನಮ್ಮದೇ, ನಾಚಿಕೆ ಆಯಿತು! ಮೇಲಿನ ಮಹಡಿ ಕಟ್ಟಿದಾಗ ಮೇಸ್ತ್ರಿ ಹತ್ತಿರದ ಚೇಂಬರಿಗೆ ಕೊಟ್ಟುಬಿಟ್ಟಿದ್ದ. ಏಳೂ ಪೈಪನ್ನು ಸಂಪಿಗೋ ಇಂಗುಗುಂಡಿಗೋ ತಿರುಗಿಸಿದ್ದೇವೆ. ಮೊನ್ನೆಯ ಜೋರು ಮಳೆಗೆ ಮೀಟರ್ 46 ಸಾವಿರಕ್ಕೆ ನಿಂತಿತು. ಮೂಲೆ ಮನೆ ಅಜ್ಜಿಗೆ ಇನ್ನೂ ನಂಬಿಕೆ ಬಂದಿಲ್ಲ, ಗುಂಡು ಬಚ್ಚಲಲ್ಲೇ ಇದೆ. ಶನಿವಾರ ಬೆಳಗಿನ ಜಾವ ನಾವೂ ಟಾರ್ಚ್ ಹಿಡಿದು ಹೊರಡುತ್ತೇವೆ. ಕ್ಯಾಮೆರಾ ಬಾಡಿಗೆಗೆ ಗಂಟೆ ಲೆಕ್ಕದಲ್ಲಿ ಸಿಗುತ್ತದಾ, ಪೈಪಿನ ಉದ್ದದ ಲೆಕ್ಕದಲ್ಲಾ?