ಸ್ವಿಚ್ ಆರಿಸಿದರೂ ಎಲ್‌ಇಡಿ ಬಲ್ಬ್ ಮಂಕಾಗಿ ಉರಿಯುತ್ತದೆ: ಬಲ್ಬ್ ಕೆಟ್ಟಿದೆಯೋ, ವೈರಿಂಗ್ ತಪ್ಪಿದೆಯೋ?

ಹಳೇಮನೆ:
ಸುಮಾರು 30 ವರ್ಷದ ವೈರಿಂಗ್. ನಾಲ್ಕು 60 ವ್ಯಾಟ್ ಬಲ್ಬ್ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದ್ದೇವೆ. ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್ ಉಳಿಯುತ್ತದೆ, ಅದು ಸರಿ. ಆದರೆ ಪಡಸಾಲೆಯ ಬಲ್ಬ್ ಆರಿಸಿದ ಮೇಲೂ ಕತ್ತಲಲ್ಲಿ ಮಂಕಾಗಿ ಉರಿಯುತ್ತದೆ. ಮೆಟ್ಟಿಲಿನ ಬಲ್ಬಿಗೆ ಮೇಲೊಂದು ಕೆಳಗೊಂದು ಸ್ವಿಚ್. ಆರಿಸಿದ್ದಾಗ ನಾಲ್ಕೈದು ಸೆಕೆಂಡಿಗೊಮ್ಮೆ ಮಿಂಚುತ್ತದೆ. ಬಚ್ಚಲುಮನೆಯ ಮುಚ್ಚಿದ ಗಾಜಿನ ಗುಂಡಿನಲ್ಲಿರುವ 12 ವ್ಯಾಟಿನದು ಎಂಟು ತಿಂಗಳಿಗೇ ಹೋಗುತ್ತಿದೆ, ಇದು ಎರಡನೆಯದು. ಬೇರೆ ಕಂಪನಿಯದು ಹಾಕಿದರೂ ಅದೇ ಕಥೆ. ಇಂಡಿಕೇಟರ್ ಇರುವ ಸ್ವಿಚ್ ಯಾವುದೂ ಇಲ್ಲ.

ತಂತಿಕೆಲಸ:
ಮೂರಕ್ಕೂ ಕಾರಣ ಬೇರೆ ಬೇರೆ ಸರ್. ಪಡಸಾಲೆಯದನ್ನು ಮೊದಲು ನೋಡಿ, ಅದರಲ್ಲಿ ಜೀವಕ್ಕೆ ಅಪಾಯವಿದೆ. ನೀವು ಹೇಳಿದ ಲಕ್ಷಣಕ್ಕೆ ಸ್ವಿಚ್ ಫೇಸ್ (ಕರೆಂಟ್ ತರುವ ತಂತಿ) ಬದಲು ನ್ಯೂಟ್ರಲ್ (ಕರೆಂಟ್ ವಾಪಸು ಹೋಗುವ) ತಂತಿಯಲ್ಲಿ ಕೂತಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಸ್ವಿಚ್ ಆರಿಸಿದರೂ ಹೋಲ್ಡರಿಗೆ 230 ವೋಲ್ಟ್ ಬಂದು ನಿಂತಿರುತ್ತದೆ. ಅಲ್ಲಿಂದ ಸೋರುವ ಚೂರು ಕರೆಂಟಿಗೆ ಹಳೆಯ 60 ವ್ಯಾಟ್ ಬಲ್ಬಿನೊಳಗಿನ ತಂತಿ ಬಿಸಿಯೂ ಆಗುತ್ತಿರಲಿಲ್ಲ, ಹಾಗಾಗಿ ಇಷ್ಟು ವರ್ಷ ಗೊತ್ತಾಗಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು.

ಪರೀಕ್ಷೆ ಹೀಗೆ: ಸ್ವಿಚ್ ಆರಿಸಿ, ಬಲ್ಬ್ ಬಿಚ್ಚಿ, ಹೋಲ್ಡರಿನ ಎರಡೂ ಪಿನ್ನಿಗೆ ನಿಯಾನ್ ಟೆಸ್ಟರ್ ಇಡಿ. ಎರಡೂ ಕಡೆ ಟೆಸ್ಟರ್ ಉರಿಯಬಾರದು. ಪ್ಲಾಸ್ಟಿಕ್ ಸ್ಟೂಲ್ ಮೇಲೆ ನಿಂತಿದ್ದರೆ ಟೆಸ್ಟರ್ ಮಂಕಾಗಿ ಕಾಣುತ್ತದೆ, ಕೈ ಮರೆ ಮಾಡಿ ನೋಡಿ. ಆಮೇಲೆ ಅದೇ ಬೋರ್ಡಿನ ಮೂರು ಪಿನ್ನಿನ ಸಾಕೆಟ್ ನೋಡಿ. ದೊಡ್ಡ ತೂತು ಮೇಲೆ ಬಂದಂತೆ ಎದುರಿಗೆ ನಿಂತಾಗ ಬಲಗಡೆಯದರಲ್ಲಿ ಫೇಸ್ ಇರಬೇಕು. ಎಡಗಡೆಯದು ಉರಿದರೆ ಇಡೀ ಬೋರ್ಡೇ ತಿರುಗಾಮುರುಗಾ. ಎಲ್ಲ ಕೋಣೆಯಲ್ಲೂ ಹಾಗೇ ಇದ್ದರೆ ತಪ್ಪು ಮೇನ್ ಹತ್ತಿರ ಇದೆ. ಮೀಟರಿನ ಸೀಲ್ ಮುಟ್ಟದೆ ಲೈನ್‌ಮನ್ ಕರೆಸಿ.

ಹಳೇಮನೆ:
ಹೋಲ್ಡರಿನ ಒಂದು ಪಿನ್ನಿನಲ್ಲಿ ಟೆಸ್ಟರ್ ಜೋರಾಗಿ ಉರಿಯಿತು. ಸಾಕೆಟ್ಟಿನಲ್ಲಿ ಬಲಗಡೆಯೇ ಉರಿಯುತ್ತದೆ.

ತಂತಿಕೆಲಸ:
ಹಾಗಾದರೆ ಬೋರ್ಡ್ ಸರಿ, ಆ ಬಲ್ಬಿನ ಪಾಯಿಂಟ್ ಮಾತ್ರ ತಪ್ಪು. ಸ್ವಿಚ್ಚಿಗೆ ನ್ಯೂಟ್ರಲ್ ಲೂಪ್ (ಕವಲು ತಂತಿ) ಕೊಟ್ಟು ಫೇಸನ್ನು ನೇರ ಹೋಲ್ಡರಿಗೆ ಕಳಿಸಿದ್ದಾರೆ. ಆ ಎರಡು ತುದಿಗಳನ್ನು ಬೋರ್ಡಿನೊಳಗೆ ಅದಲುಬದಲು ಮಾಡಿದರೆ ಮುಗಿಯಿತು: ಫೇಸ್ ಲೂಪ್ ಸ್ವಿಚ್ಚಿಗೆ, ಹೋಲ್ಡರಿಗೆ ನೇರ ಹೋಗುವ ತಂತಿ ನ್ಯೂಟ್ರಲಿಗೆ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂದು ಬಣ್ಣ ನಂಬಬೇಡಿ, ಟೆಸ್ಟರ್ ನಂಬಿ.

ಒಂದು ಎಚ್ಚರಿಕೆ. ಬೋರ್ಡ್ ಬಿಚ್ಚುವ ಮುಂಚೆ ಸಿಂಗಲ್ ಪೋಲ್ ಎಂಸಿಬಿ (ಒಂದೇ ತಂತಿ ಕಡಿಯುವ ಸುರಕ್ಷಾ ಸ್ವಿಚ್) ಇಳಿಸಿದರೆ ಸಾಲದು. ಮೊದಲೇ ಅದಲುಬದಲಾದ ಮನೆಯಲ್ಲಿ ಅದು ನ್ಯೂಟ್ರಲನ್ನು ಮಾತ್ರ ಕಡಿದಿರಬಹುದು. ಎರಡೂ ತಂತಿ ಕಡಿಯುವ ಡಬಲ್ ಪೋಲ್ ಮೇನ್ ಇಳಿಸಿ, ಯುಪಿಎಸ್ ಇದ್ದರೆ ಅದನ್ನೂ ಆರಿಸಿ ಅದರ ಔಟ್‌ಪುಟ್ ಪ್ಲಗ್ ಕೀಳಿ. ಬೋರ್ಡ್ ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ, ಅರ್ಧ ಗಂಟೆ ಕೆಲಸ.

ಬೆಸುಗೆ:
ಮೆಟ್ಟಿಲಿನ ಬಲ್ಬಿಗೂ ಮೊದಲು ಪಿನ್ ಪರೀಕ್ಷೆ ಮಾಡಿ. ಸ್ವಿಚ್ ಫೇಸಿನಲ್ಲೇ ಇದ್ದೂ ಮಿಂಚಿದರೆ ಕಾರಣ ಉದ್ದ ತಂತಿ. ಎರಡು ಸ್ವಿಚ್ ನಡುವಿನ ಎರಡು ತಂತಿಗಳಲ್ಲಿ ಯಾವಾಗಲೂ ಒಂದರಲ್ಲಿ ಫೇಸ್ ಇರುತ್ತದೆ, ಪಕ್ಕದ ಬಿಡಿ ತಂತಿಗೆ ಪೈಪಿನೊಳಗೇ ವೋಲ್ಟೇಜ್ ಸೋಂಕುತ್ತದೆ. ಬಲ್ಬಿನೊಳಗಿನ ಕೆಪಾಸಿಟರ್ (ಕರೆಂಟ್ ಕೂಡಿಡುವ ಬಿಡಿಭಾಗ) ನಿಧಾನ ತುಂಬಿ, ಸಾಕಷ್ಟು ಆದೊಡನೆ ಒಮ್ಮೆ ಮಿಂಚಿ ಖಾಲಿಯಾಗುತ್ತದೆ. ಆ ನಾಲ್ಕೈದು ಸೆಕೆಂಡು ತುಂಬುವ ಹೊತ್ತು.

ಮದ್ದು: 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿ, ಮೈ ಮೇಲೆ ‘ಎಕ್ಸ್2’ (ಮೇನ್ಸಿಗೆ ನೇರ ಜೋಡಿಸಲೆಂದೇ ಮಾಡಿದ ಬಗೆ) ಎಂದು ಬರೆದಿರುವ ಕೆಪಾಸಿಟರ್. ಅದರ ಜೊತೆ ಸಮಾಂತರವಾಗಿ 1 ಮೆಗಾಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಬೆಸೆಯಿರಿ, ಇಲ್ಲದಿದ್ದರೆ ಆಮೇಲೆ ಮುಟ್ಟಿದವರಿಗೆ ಚುರುಕ್ ಎನ್ನುತ್ತದೆ. ರೆಸಿಸ್ಟರಿನ ವೋಲ್ಟೇಜ್ ರೇಟಿಂಗ್ 350ಕ್ಕಿಂತ ಕಡಿಮೆ ಇರಬಾರದು. ಹೋಲ್ಡರಿನ ಎರಡು ಟರ್ಮಿನಲ್ ನಡುವೆ ಜೋಡಿಸಿ, ಸ್ಲೀವ್ ಹಾಕಿ ಮುಚ್ಚಿ.

ಹಳೇಮನೆ:
ಹೋಲ್ಡರಿನ ಬದಲು ಸ್ವಿಚ್ಚಿನಲ್ಲೇ ಕೂರಿಸಬಹುದಾ? ಮನೆಯಲ್ಲಿ ಫ್ಯಾನಿನ 2.5 ಮೈಕ್ರೋಫ್ಯಾರಡ್ ಇದೆ, ಅದು ನಡೆಯುತ್ತದಾ?

ಬೆಸುಗೆ:
ಎರಡೂ ಬೇಡ. ಸ್ವಿಚ್ಚಿಗೆ ಅಡ್ಡ ಕೂರಿಸಿದರೆ ಆರಿಸಿದ ಮೇಲೂ ಅದರ ಮೂಲಕ ಬಲ್ಬಿಗೆ ಕರೆಂಟ್ ಹರಿದು ತೊಂದರೆ ಹೆಚ್ಚುತ್ತದೆ. ಫ್ಯಾನಿನದು ಸುಮಾರು 180 ಮಿಲಿಆಂಪಿಯರ್ ಎಳೆಯುತ್ತದೆ, ಸ್ವಿಚ್ ಹಾಕಿದಾಗಲೆಲ್ಲ ಕಿಡಿ ಹಾರಿ ಸಂಪರ್ಕ ಸುಟ್ಟುಹೋಗುತ್ತದೆ. 0.1ರದು ಎಳೆಯುವುದು 7 ಮಿಲಿಆಂಪಿಯರ್ ಮಾತ್ರ.

ಬಚ್ಚಲುಮನೆಯದಕ್ಕೆ ಶಾಖವೇ ಶತ್ರು. ಗಾಜಿನ ಗುಂಡಿನೊಳಗೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಬಲ್ಬಿನೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿಗೆ 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸತ್ತ ಬಲ್ಬಿನ ಬಿಳಿ ಟೋಪಿ ತಿರುಗಿಸಿ ತೆಗೆದು ನೋಡಿ: ಹಳದಿ ಚಿಪ್ಪುಗಳಲ್ಲಿ ಒಂದರ ಮೇಲೆ ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆ ಇದ್ದರೆ ಅದೇ ಸುಟ್ಟದ್ದು. ಚಿಪ್ಪುಗಳು ಸಾಲಾಗಿ ಜೋಡಿಸಿರುವುದರಿಂದ ಒಂದು ಹೋದರೆ ಬಲ್ಬೇ ಹೋದಂತೆ. ಆ ಚಿಪ್ಪನ್ನು ಬೆಸುಗೆಯಿಂದ ಶಾರ್ಟ್ ಮಾಡಿ ಓಡಿಸುವ ವಿಡಿಯೊಗಳಿವೆ, ದಯವಿಟ್ಟು ಮಾಡಬೇಡಿ. ಅಗ್ಗದ ಬಲ್ಬಿನ ಡ್ರೈವರಿನಲ್ಲಿ (ಚಿಪ್ಪುಗಳಿಗೆ ಕರೆಂಟ್ ಹದಮಾಡಿ ಕೊಡುವ ಭಾಗ) ಮೇನ್ಸಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಟೋಪಿ ತೆಗೆದ ಪ್ಲೇಟಿನಲ್ಲೇ ಮೇನ್ಸ್ ವೋಲ್ಟೇಜ್ ಓಡಾಡುತ್ತದೆ. ಅದೂ ನೀರಿರುವ ಕೋಣೆ.

ಅಲ್ಲಿಗೆ 5 ಅಥವಾ 7 ವ್ಯಾಟ್ ಧಾರಾಳ. ಡಬ್ಬದ ಮೇಲೆ ವ್ಯಾಟ್ ಬದಲು ಲ್ಯೂಮೆನ್ (ಬೆಳಕಿನ ಅಳತೆ) ಓದಿ: ಹಳೆಯ 60 ವ್ಯಾಟ್ ಕೊಡುತ್ತಿದ್ದುದು ಸುಮಾರು 700, ಈಗಿನ 9 ವ್ಯಾಟಿನದು 900ರ ಹತ್ತಿರ. ಗುಂಡು ತೆಗೆಯುವುದಾದರೆ ತೇವ ತಡೆಯುವ, ಐಪಿ65 (ದೂಳು, ನೀರು ಒಳಹೋಗದ ದರ್ಜೆ) ಎಂದು ಬರೆದಿರುವ ಬಲ್ಕ್‌ಹೆಡ್ ದೀಪ (ಗೋಡೆಗೆ ಕೂರಿಸುವ ಮುಚ್ಚಿದ ದೀಪ) ಹಾಕಿ, ಅದನ್ನು ಮುಚ್ಚಿಕೊಂಡೇ ಉರಿಯುವ ಹಾಗೆ ಮಾಡಿರುತ್ತಾರೆ.

ಹಳೇಮನೆ:
ಎಲೆಕ್ಟ್ರಿಷಿಯನ್ ಬಂದು ಪಡಸಾಲೆಯ ತುದಿಗಳನ್ನು ಬದಲಿಸಿದರು. ಆರಿಸಿದಾಗ ಈಗ ಎರಡೂ ಪಿನ್ನಿನಲ್ಲಿ ಟೆಸ್ಟರ್ ಉರಿಯುವುದಿಲ್ಲ, ಬಲ್ಬ್ ಪೂರ್ತಿ ಕತ್ತಲು. ಮೆಟ್ಟಿಲಿನದು ಫೇಸಿನಲ್ಲೇ ಇತ್ತು. ಕೆಪಾಸಿಟರ್ ಹಾಕಿದ ಮೇಲೆ ಮಿಂಚಿಲ್ಲ. ಬಚ್ಚಲಿಗೆ 5 ವ್ಯಾಟ್ ತಂದಿದ್ದೇನೆ.

ತಂತಿಕೆಲಸ:
ಒಳ್ಳೆಯದು. ಉಳಿದ ಪಾಯಿಂಟುಗಳಿಗೂ ಅದೇ ಪಿನ್ ಪರೀಕ್ಷೆ ಮಾಡಿಬಿಡಿ. ಒಂದು ಪಾಯಿಂಟ್ ಹಾಗೆ ಎಳೆದವರು ಇನ್ನೊಂದನ್ನೂ ಹಾಗೇ ಎಳೆದಿರುತ್ತಾರೆ.