ಪ್ರೋನೋಟಿಗೆ ನೋಟಿಸ್ ಸಾಕಾ?

(ನಮ್ಮ ಮನೆಯ ಗುಂಪು)

ರಘು ಚಿಕ್ಕಪ್ಪ: [ಫಾರ್ವರ್ಡ್] "ಸಾಲಗಾರನಿಗೆ ವಕೀಲರ ನೋಟಿಸ್ ಮುಟ್ಟಿದರೆ ಸಾಕು, ಮೂರು ವರ್ಷದ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಎಲ್ಲರಿಗೂ ತಿಳಿಸಿ."

ರಘು ಚಿಕ್ಕಪ್ಪ: ಸುಮ್ನೆ ಹೆದರಿದ್ದೆ. ಪ್ರೋನೋಟು (ಸಾಲ ತೀರಿಸುತ್ತೇನೆಂದು ಸಹಿ ಹಾಕಿದ ಪತ್ರ) ಬರೆದುಕೊಟ್ಟು ನನ್ನಿಂದ ಸಾಲ ಪಡೆದ ಸ್ನೇಹಿತನಿಗೆ ನಿನ್ನೆಯೇ ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳಿಸಿ ಆಯಿತು.

ವಿದ್ಯಾ: ಚಿಕ್ಕಪ್ಪ, ದಯವಿಟ್ಟು ಇದನ್ನು ನಂಬಬೇಡಿ. ಈ ನೋಟಿಸಿನಿಂದ ಒಂದು ದಿನವೂ ನಿಲ್ಲುವುದಿಲ್ಲ. ದಾವೆ ಹಾಕಲು ಗಡುವು ಹೇಳುವ 1963ರ ಲಿಮಿಟೇಷನ್ ಕಾಯ್ದೆಯ 3ನೇ ಸೆಕ್ಷನ್‌ನಲ್ಲೇ ಇದೆ. ಪ್ಲೇಂಟನ್ನು, ಅಂದರೆ ದಾವೆಯ ಅರ್ಜಿಯನ್ನು, ಕೋರ್ಟಿನ ಅಧಿಕಾರಿಯ ಕೈಗೆ ಕೊಟ್ಟ ದಿನವೇ ದಾವೆ ಶುರು. ಪ್ರೋನೋಟಿನ ತಾರೀಖು ಎಷ್ಟು?

ರಘು ಚಿಕ್ಕಪ್ಪ: 13 ಜೂನ್ 2023. ಕೇಳಿದಾಗ ಕೊಡುತ್ತೇನೆ ಅಂತ ಬರೆದಿದ್ದಾನೆ. ನಾನು ಕೇಳಿದ್ದೇ ಹೋದ ತಿಂಗಳು. ಲೆಕ್ಕ ಅಲ್ಲಿಂದ ಅಲ್ವಾ?

ವಿದ್ಯಾ: ಅಲ್ಲ. ಆನ್ ಡಿಮ್ಯಾಂಡ್ ಪ್ರೋನೋಟಿಗೆ, ಬೇರೇನೂ ಷರತ್ತು ಬರೆಯದಿದ್ದರೆ, ಅದರ ತಾರೀಖಿನಿಂದಲೇ 3 ವರ್ಷ. ನೀವು ಯಾವಾಗ ಕೇಳಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಬರುವ ಶನಿವಾರ, 13ಕ್ಕೆ, ಮುಗಿಯುತ್ತದೆ.

ಕಿರಣ: ಅಕ್ಕಾ, ನಮ್ಮ ಕಂಪನಿಯ ಕಾಂಟ್ರಾಕ್ಟರ್ ಜಗಳದಲ್ಲಿ ನೋಟಿಸ್ ಮುಟ್ಟಿದ ದಿನವನ್ನೇ ಹಿಡಿದರಲ್ಲ? ಫಾರ್ವರ್ಡ್ ಪೂರ್ತಿ ಸುಳ್ಳಲ್ಲ.

ವಿದ್ಯಾ: ಅದು ಆರ್ಬಿಟ್ರೇಷನ್ (ಕೋರ್ಟಿನ ಬದಲು ಮಧ್ಯಸ್ಥರಿಂದ ತೀರ್ಮಾನ) ಇರಬೇಕು ಕಿರಣ. 1996ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಆರ್ಬಿಟ್ರೇಷನ್‌ಗೆ ಹೋಗೋಣ ಎಂದು ಕೇಳಿದ ಪತ್ರ ಎದುರಿನವರಿಗೆ ಮುಟ್ಟಿದ ದಿನ ಶುರು, ಕರಾರಿನಲ್ಲಿ ಬೇರೆ ಥರ ಒಪ್ಪಿಕೊಂಡಿರದಿದ್ದರೆ. ಚಿಕ್ಕಪ್ಪನ ಪ್ರೋನೋಟಿನಲ್ಲಿ ಆರ್ಬಿಟ್ರೇಷನ್ ಮಾತೇ ಇಲ್ಲ.

ಶಾರದತ್ತೆ: ನಾಲ್ಕು ದಿನ ತಡವಾದರೆ ಜಡ್ಜು ಬಿಡುವುದಿಲ್ವಾ? ನಮ್ಮ ಜಮೀನಿನ ಕೇಸಲ್ಲಿ ಬಿಟ್ಟರು.

ವಿದ್ಯಾ: ಅತ್ತೆ, ನಿಮ್ಮದು ಅಪೀಲು. ಅಪೀಲಿಗೆ ಲಿಮಿಟೇಷನ್ ಕಾಯ್ದೆಯ 5ನೇ ಸೆಕ್ಷನ್ ಇದೆ, ಸರಿಯಾದ ಕಾರಣ ಹೇಳಿದರೆ ತಡವನ್ನು ಮನ್ನಾ ಮಾಡುತ್ತಾರೆ. ದಾವೆಗೆ ಅದು ಸಿಗುವುದಿಲ್ಲ. ಅಪ್ಪನ ಎರಡು ಲಕ್ಷ ಹೋಗಿದ್ದು ಹೀಗೇ. ವಕೀಲರು ನೋಟಿಸ್ ಕೊಟ್ಟು ಉತ್ತರಕ್ಕೆ ಕಾಯೋಣ ಅಂದರು, ಕಾದರು. ಪ್ಲೇಂಟಿನ ಮೇಲೆ ಕೋರ್ಟಿನ ಸೀಲು ಬಿದ್ದಿದ್ದು ನಾಲ್ಕು ದಿನ ತಡವಾಗಿ. ಸಾಲ ತೆಗೆದುಕೊಂಡವರು ಇಲ್ಲ ಅನ್ನಲಿಲ್ಲ, ತಾರೀಖು ಮಾತ್ರ ತೋರಿಸಿದರು. ಆ ಫೈಲು ಇವತ್ತಿಗೂ ಅಪ್ಪನ ಬೀರುವಿನಲ್ಲಿದೆ.

ರಘು ಚಿಕ್ಕಪ್ಪ: ಅಣ್ಣ ನನಗೆ ಇದನ್ನು ಹೇಳಲೇ ಇಲ್ಲ.

ಕಿರಣ: 13 ಎರಡನೇ ಶನಿವಾರ. ಕೋರ್ಟಿಗೆ ರಜೆ ಅಲ್ವಾ?

ವಿದ್ಯಾ: ಹೌದು. ಕೊನೇ ದಿನ ಕೋರ್ಟು ಮುಚ್ಚಿದ್ದರೆ ತೆರೆದ ದಿನ ಹಾಕಬಹುದು, 4ನೇ ಸೆಕ್ಷನ್. ಅಂದರೆ ಸೋಮವಾರ, 15. ಆದರೆ ಅಲ್ಲಿಯವರೆಗೆ ತಳ್ಳುವುದು ಬೇಡ. ಕೋರ್ಟ್ ಫೀ ಕಟ್ಟಬೇಕು, ವಕಾಲತ್ತಿಗೆ ಸಹಿ ಆಗಬೇಕು.

ರಘು ಚಿಕ್ಕಪ್ಪ: ಮೂವತ್ತು ವರ್ಷದ ಸ್ನೇಹಿತ ಕಣಮ್ಮ. ಕೋರ್ಟಿಗೆ ಎಳೆಯಲು ಮನಸ್ಸಾಗುತ್ತಿಲ್ಲ.

ವಿದ್ಯಾ: ಹಾಗಾದರೆ ಇನ್ನೊಂದು ದಾರಿ ಇದೆ. ಪ್ರೋನೋಟಿನ ಹಿಂದೆ "ಈ ಸಾಲ ಬಾಕಿ ಇದೆ" ಎಂದು ಬರೆಸಿ, ತಾರೀಖು ಹಾಕಿಸಿ, ಸಹಿ ಮಾಡಿಸಿಕೊಳ್ಳಿ. 18ನೇ ಸೆಕ್ಷನ್ ಪ್ರಕಾರ ಆ ಸಹಿಯ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಆದರೆ 13ರೊಳಗೇ ಆಗಬೇಕು. ಆಮೇಲಿನ ಸಹಿಗೆ ಈ ಸೆಕ್ಷನ್ ಬರುವುದಿಲ್ಲ.

ರಘು ಚಿಕ್ಕಪ್ಪ: ನಾಳೆ ಬೆಳಿಗ್ಗೆ ಅವನ ಅಂಗಡಿಗೆ ಹೋಗುತ್ತೇನೆ. ಸಹಿ ಹಾಕದಿದ್ದರೆ ಅಲ್ಲಿಂದ ನೇರ ನಿನ್ನ ಆಫೀಸಿಗೆ.

ವಿದ್ಯಾ: ಬನ್ನಿ, ಕಾಯುತ್ತಿರುತ್ತೇನೆ. ಮೂಲ ಪ್ರೋನೋಟು ಬೇಕು, ಜೆರಾಕ್ಸ್ ಆಗಲ್ಲ. ಸಹಿ ಮಾಡಿಸುವಾಗಲೂ ಅದನ್ನು ಅಲ್ಲಿ ಬಿಟ್ಟು ಬರಬೇಡಿ.