ಒಂದೂ ಗ್ರ್ಯಾಂಡ್‌ಸ್ಲಾಮ್ ಗೆಲ್ಲದ ಮೊಂಫಿಸ್‌ಗೆ ಇಷ್ಟೊಂದು ಅಭಿಮಾನಿಗಳು ಯಾಕೆ?

ಹೊಸಬ: ನಾನು ಟೆನಿಸ್ ನೋಡೋಕೆ ಶುರು ಮಾಡಿದ್ದೇ ಅಲ್ಕರಾಜ್ ಬಂದ ಮೇಲೆ. ಫ್ರಾನ್ಸಿನ ಗೇಲ್ ಮೊಂಫಿಸ್ ವಿಷಯ ಅರ್ಥ ಆಗ್ತಿಲ್ಲ. ಅತ್ಯುತ್ತಮ ರ‍್ಯಾಂಕ್ 6. ಗ್ರ್ಯಾಂಡ್‌ಸ್ಲಾಮ್ ಫೈನಲ್ ಕೂಡ ಆಡಿಲ್ಲ. ಆದ್ರೂ 2026 ನನ್ನ ಕೊನೇ ವರ್ಷ ಅಂತ ಹೇಳಿದ್ದಕ್ಕೆ ಜನ ಮನೆಮಗನೇ ಹೊರಟ ಹಾಗೆ ಬೇಜಾರು ಮಾಡ್ಕೊಂಡ್ರು. ಏನಿದೆ ಅವನಲ್ಲಿ?

ಅಂಕಿಅಂಶ: ಏನೂ ಇಲ್ಲ, ಸರ್ಕಸ್. 2004ರಲ್ಲಿ ನಾಲ್ಕು ಜೂನಿಯರ್ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಮೂರು ಗೆದ್ದಿದ್ದ ಹುಡುಗ. ದೊಡ್ಡವರ ಜತೆ ಎರಡೇ ಸೆಮಿಫೈನಲ್: 2008ರ ಪ್ಯಾರಿಸ್ (ಫ್ರೆಂಚ್ ಓಪನ್), 2016ರ ನ್ಯೂಯಾರ್ಕ್ (ಯುಎಸ್ ಓಪನ್). ಆ ಎರಡನೇದರಲ್ಲಿ ಜೊಕೊವಿಚ್ ಎದುರು ಕೈ ಇಳಿಬಿಟ್ಟು ನಿಂತು, ಪ್ರೇಕ್ಷಕರಿಂದಲೇ ಛೀಮಾರಿ ಹಾಕಿಸ್ಕೊಂಡ.

ರಾತ್ರಿಪಾಳಿ: ಹಾಕಿಸ್ಕೊಂಡ, ನಿಜ. ನಾನೂ ಬೈದಿದ್ದೆ. (ಪೇಪರಿನವರು ‘ಮಾನ್‌ಫಿಲ್ಸ್’ ಅಂತ ಬರೀತಾರೆ, ಅದರಲ್ಲಿ ‘ಲ್’ ಹೇಳೋದೇ ಇಲ್ಲ ಮಾರಾಯ್ರೆ.)

2014ರ ಯುಎಸ್ ಓಪನ್ ಕ್ವಾರ್ಟರ್‌ಫೈನಲ್. ಪಾಳಿ ಮುಗಿಸಿ ಬಂದು ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ಕೂತೆ. ಫೆಡರರ್ ಎದುರು ಇವನು ಎರಡು ಸೆಟ್ ಮುಂದೆ. ನಾಲ್ಕನೇ ಸೆಟ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್, ಅಂದ್ರೆ ಒಂದು ಪಾಯಿಂಟ್ ಸಿಕ್ಕಿದ್ರೆ ಗೆಲುವು. ಎರಡೂ ಹೋಯ್ತು, ಮ್ಯಾಚೂ ಹೋಯ್ತು. ಉಪ್ಪಿಟ್ಟು ತಟ್ಟೆಗೆ ಅಂಟ್ಕೊಂಡಿತ್ತು.

ಅವನ ರೋಗ ಎಲ್ಲರಿಗೂ ಕಾಣುತ್ತೆ: ಬೇಸ್‌ಲೈನ್‌ನಿಂದ (ಅಂಗಳದ ಹಿಂಬದಿಯ ಗೆರೆ) ಎಷ್ಟೋ ಹಿಂದೆ ನಿಲ್ತಾನೆ. ಅಲ್ಲಿ ನಿಂತ್ರೆ ಎಲ್ಲ ಚೆಂಡೂ ಸಿಗುತ್ತೆ, ಆದ್ರೆ ಎದುರಾಳಿ ಹೇಳಿದ ಕಡೆಗೆಲ್ಲ ಓಡ್ಬೇಕು. ಮಣ್ಣಿನ ಅಂಗಳದಲ್ಲಿ ಜಾರೋದನ್ನ ಎಲ್ಲರೂ ಮಾಡ್ತಾರೆ, ಇವನು ಗಟ್ಟಿ ಅಂಗಳದಲ್ಲೂ ಕಾಲು ಅಗಲಿಸಿ ಜಾರ್ತಾನೆ. ಶೂ ಕಿರ್ ಅನ್ನೋ ಸದ್ದಿಗೆ ನನ್ನ ಮಂಡಿ ನೋವಾಗುತ್ತೆ. ಗೆಲ್ಲೋಕೆ ಇದು ಜಾಣ ದಾರಿ ಅಲ್ಲ, ಒಪ್ಪಿದೆ. ಆದ್ರೆ ಹೋಯ್ತು ಅಂತ ಬಿಟ್ಟ ಚೆಂಡು ವಾಪಸ್ ಬಂದಾಗ ಸ್ಟೇಡಿಯಂ ಎದ್ದು ನಿಲ್ಲುತ್ತಲ್ಲ, ಅದಕ್ಕೇ ಜನ ಟಿಕೆಟ್ ತಗೊಳ್ಳೋದು.

2023ರ ಪ್ಯಾರಿಸ್, ಮೊದಲ ಸುತ್ತು, ಎದುರಿಗೆ ಅರ್ಜೆಂಟೀನಾದ ಬಾಯೆಜ್. ಆಗ ಇವನ ರ‍್ಯಾಂಕ್ 394. ಐದನೇ ಸೆಟ್‌ನಲ್ಲಿ 0-4. ಕಾಲು ಹಿಡ್ಕೊಂಡು ನಡೆಯೋಕೂ ಆಗ್ತಿಲ್ಲ. ಅಲ್ಲಿಂದ 7-5. ಇಲ್ಲಿ ಬೆಳಗಿನ ಜಾವ ಮೂರೂವರೆ ದಾಟಿತ್ತು, ನಾನು ಆಫೀಸಿನ ಕ್ಯಾಂಟೀನ್‌ನಲ್ಲಿ ಮೊಬೈಲ್ ಹಿಡ್ಕೊಂಡು ಮೇಜು ಗುದ್ದಿದ್ದಕ್ಕೆ ಸೆಕ್ಯೂರಿಟಿಯವರು ಓಡಿ ಬಂದ್ರು.

ಅಂಕಿಅಂಶ: ಒಂದು ಮೊದಲ ಸುತ್ತಿಗೆ ಇಷ್ಟು ಪುರಾಣ!

ರಾತ್ರಿಪಾಳಿ: ಅಂಕಿಯೇ ಬೇಕಾ? 2025ರ ಜನವರಿಯಲ್ಲಿ ಆಕ್ಲೆಂಡ್ ಟೂರ್ನಿ ಗೆದ್ದಾಗ ವಯಸ್ಸು 38. ಅದು ಅವನ 13ನೇ ಪ್ರಶಸ್ತಿ. ಮುಂದಿನ ವಾರ ಮೆಲ್ಬರ್ನ್‌ನಲ್ಲಿ, ಆಸ್ಟ್ರೇಲಿಯನ್ ಓಪನ್‌ನಲ್ಲಿ, ನಾಲ್ಕನೇ ಶ್ರೇಯಾಂಕದ ಫ್ರಿಟ್ಜ್‌ನ ಸೋಲಿಸಿದ. ಅದೇ ದಿನ ಹೆಂಡತಿ ಸ್ವಿಟೊಲಿನಾ ಮಹಿಳೆಯರ ನಾಲ್ಕನೇ ಶ್ರೇಯಾಂಕದ ಪಾವೊಲಿನಿನ ಮನೆಗೆ ಕಳಿಸಿದ್ಲು. ಮನೇಲಿ ಮಗು ಬೇರೆ.

ಹೊಸಬ: ಬಾಯೆಜ್ ಮ್ಯಾಚ್ ಹುಡುಕ್ತೀನಿ. ಐದನೇ ಸೆಟ್ ಮಾತ್ರ ನೋಡಿದ್ರೆ ಸಾಕಾ?

ರಾತ್ರಿಪಾಳಿ: ಸಾಲಲ್ಲ, ಮೊದಲಿಂದ ನೋಡಿ. ನಾಲ್ಕನೇದು 1-6ರಲ್ಲಿ ಬಿಟ್ಟುಕೊಟ್ಟಿದ್ದನ್ನ ನೋಡಿ ನೀವೂ ಒಂದಿಷ್ಟು ಬೈಬೇಕು. ಹಾಂ, ಅಷ್ಟೆಲ್ಲ ಮಾಡಿ ಗೆದ್ದೋನು ಮಣಿಕಟ್ಟು ನೋವು ಅಂತ ಎರಡನೇ ಸುತ್ತು ಆಡ್ಲೇ ಇಲ್ಲ. ಆಮೇಲೆ ನನ್ನನ್ನ ಬೈಬೇಡಿ.